ಅಳುವ ಮನೆಯನ್ನು ಕೇಳಿದ ಕಿವಿ

ನಮ್ಮ ಮನೆಯ ಪಡಸಾಲೆಯಲ್ಲಿ ಈಗ ನಾಲ್ಕು ಹಾರ್ಮೋನಿಯಂಗಳಿವೆ. ಒಂದು ಹತ್ತಿರದ ಹಳ್ಳಿಯ ಭಜನಾ ಮಂಡಳಿಯದು, ಇನ್ನೊಂದು ಮಕ್ಕಳಿಗೆ ಸಂಗೀತ ಕಲಿಸುವ ತಾಯಿಯೊಬ್ಬರದು, ಮೂರನೆಯದು ಒಂದು ಕಾಲಕ್ಕೆ ನಾಟಕ ಕಂಪನಿಯ ಜೊತೆ ಊರೂರು ಸುತ್ತಿ ಈಗ ಬಲಗಡೆಯ ಅರ್ಧ ಮೂಕವಾಗಿರುವ ಹಳೆಯ ಪೇಟಿ. ನಾಲ್ಕನೆಯದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಹಗಲೆಲ್ಲ ಬ್ಯಾಂಕಿನಲ್ಲಿ ಲೆಕ್ಕ ನೋಡುವ ನಾನು ಬೆಳಗಿನ ಎರಡು ತಾಸುಗಳನ್ನೂ ಭಾನುವಾರಗಳನ್ನೂ ಪೇಟಿಗಳ ಶ್ರುತಿ ಕೂಡಿಸುವುದಕ್ಕೆ ಕೊಟ್ಟು ಇಪ್ಪತ್ತೆರಡು ವರ್ಷಗಳಾದವು. ದೇವರು ನನ್ನ ಪಾಲಿಗೆ ಕೊಟ್ಟದ್ದು ಇದು ಎಂದು ಇಂದು ಸಂಕೋಚವಿಲ್ಲದೆ ಹೇಳಬಲ್ಲೆ. ಈ ಮಾತು ಬಾಯಿಗೆ ಬರುವುದಕ್ಕೆ ಬಹಳ ವರ್ಷ ಹಿಡಿಯಿತು, ಏಕೆಂದರೆ ನಾನು ದೇವರಲ್ಲಿ ಬೇಡಿಕೊಂಡಿದ್ದು ಬೇರೆಯದನ್ನು.

ನಾನು ಬೆಳೆದದ್ದು ಗದಗ ಸೀಮೆಯಲ್ಲಿ. ಅಲ್ಲಿ ಹಾಡುವ ಮಗುವನ್ನು ಕಂಡರೆ ದೊಡ್ಡವರು ದೊಡ್ಡ ಗವಾಯಿಗಳ ಹೆಸರು ತೆಗೆಯದೆ ಬಿಡುತ್ತಿರಲಿಲ್ಲ. ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ ಕಥೆಯನ್ನು ನಮ್ಮ ಅಪ್ಪ ನೂರು ಸಲ ಹೇಳಿರಬೇಕು. ಹದಿಮೂರನೆಯ ವಯಸ್ಸಿನಲ್ಲಿ ನನ್ನನ್ನು ಊರಿನ ಗುರುಗಳ ಬಳಿ ಹಾಡು ಕಲಿಯಲು ಬಿಟ್ಟರು. ಗುರುಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು. ಅಲ್ಲಿ ಕಲಿತ ಅನೇಕರಂತೆ ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ನಾಲ್ಕು ವರ್ಷ ಬೆಳಗಿನ ಐದು ಗಂಟೆಗೆ ಎದ್ದು ಅವರ ಮುಂದೆ ಕುಳಿತೆ. ತಪ್ಪದೆ ಹೋದೆ, ಮನಸ್ಸಿಟ್ಟು ಹೋದೆ. ಗವಾಯಿ ಆಗಬೇಕು ಎನ್ನುವ ಆಸೆ ಎಷ್ಟಿತ್ತೆಂದರೆ, ಗುಡಿಗೆ ಹೋದಾಗ ಬೇರೆ ಏನನ್ನೂ ಬೇಡಿದ ನೆನಪಿಲ್ಲ.

ಒಂದು ಬೆಳಗ್ಗೆ ಗುರುಗಳು ನನ್ನ ಕೈಗೆ ಪೇಟಿ ಕೊಟ್ಟು ಅಲಂಕಾರಗಳನ್ನು ನುಡಿಸು ಎಂದರು. ನಾನು ನುಡಿಸುತ್ತಾ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಕೈ ಎತ್ತಿ ನಿಲ್ಲಿಸಿ ಕೇಳಿದರು:

“ತಮ್ಮಾ, ಮ್ಯಾಲಿನ ಸಪ್ತಕದ ಮಧ್ಯಮ ಯಾಕ ಬಿಟ್ಟು ಹೊಂಟಿ?”

ಬಿಡುತ್ತಿದ್ದೇನೆ ಎನ್ನುವುದು ನನಗೇ ಗೊತ್ತಿರಲಿಲ್ಲ. ಪೇಟಿಯಲ್ಲಿ ಬೆರಳಿನಿಂದ ಒತ್ತುವ ಕೀಲಿಗೆ ನಮ್ಮ ಕಡೆ ಮನೆ ಎನ್ನುತ್ತಾರೆ. ಆ ಮನೆಯ ಹತ್ತಿರ ಬಂದಾಗಲೆಲ್ಲ ಬೆರಳು ತಾನಾಗಿ ಹಿಂದೆ ಸರಿಯುತ್ತಿತ್ತು.

“ಆ ಮನಿ ಅಳತದ್ರೀ ಗುರುಗಳ” ಎಂದೆ.

ಅವರು ಪೇಟಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಅದೊಂದೇ ಮನೆಯನ್ನು ಬಹಳ ಹೊತ್ತು ಒತ್ತಿ ಹಿಡಿದರು. ಆಮೇಲೆ ನಕ್ಕರು. “ಎಂಟು ಹುಡುಗರು ದಿನಾ ಇದ ಪೇಟಿ ಬಾರಸ್ತಾರ. ಒಬ್ಬನ ಕಿವಿಗೂ ಇದು ಬಿದ್ದಿಲ್ಲ. ನನಗಂತೂ ಗೊತ್ತಿತ್ತು, ಹೇಳಿರಲಿಲ್ಲ. ತಮ್ಮಾ, ನಿನ್ನ ದನಿ ಸಾಧಾರಣ ಐತಿ. ನಿನ್ನ ಕಿವಿ ಮಾತ್ರ ದೇವರು ಕುಂತು ಮಾಡ್ಯಾನ.”

ಆ ಮಾತಿನ ಮೊದಲ ಅರ್ಧ ಮಾತ್ರ ನನ್ನೊಳಗೆ ಇಳಿಯಿತು. ಹುಬ್ಬಳ್ಳಿಯಲ್ಲಿ ಪೇಟಿ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ, ಅವರ ಬಳಿ ಹೋಗಿ ಶ್ರುತಿ ಕೂಡಿಸುವುದನ್ನು ಕಲಿ, ನಾನೇ ಹೇಳಿ ಕಳಿಸುತ್ತೇನೆ ಎಂದು ಗುರುಗಳು ಆ ವರ್ಷವಿಡೀ ಹೇಳಿದರು. ನಾನು ಹೋಗಲಿಲ್ಲ. ಹಾಡುವವನಾಗಬೇಕಿದ್ದ ನನ್ನನ್ನು ರಿಪೇರಿ ಅಂಗಡಿಗೆ ಕಳಿಸುತ್ತಿದ್ದಾರೆ ಎಂದು ಎದೆಯಲ್ಲಿ ದೊಡ್ಡ ನೋವಾಯಿತು. ಹದಿನೇಳಕ್ಕೆ ಪಾಠ ಬಿಟ್ಟೆ, ಓದು ಮುಗಿಸಿದೆ, ನೌಕರಿ ಹಿಡಿದೆ. ಮನೆಯಲ್ಲಿ ಯಾರಾದರೂ ರೇಡಿಯೋ ಹಚ್ಚಿದರೆ ಎದ್ದು ಹೊರಗೆ ಹೋಗುವಷ್ಟು ಸಂಗೀತವನ್ನು ದೂರ ಮಾಡಿಕೊಂಡೆ.

ಹೀಗೆ ದೂರವಾಗಿ ಕಳೆದ ಹನ್ನೆರಡು ವರ್ಷಗಳನ್ನು ನೆನೆದಾಗಲೆಲ್ಲ ನನಗೆ ಹಾನಗಲ್ಲ ಸೀಮೆಯ ಇಬ್ಬರು ಅಣ್ಣತಮ್ಮಂದಿರ ಕಥೆ ಕಣ್ಣ ಮುಂದೆ ಬರುತ್ತದೆ. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅವನ ಅಣ್ಣನಿಗೂ ಇರಲಿಲ್ಲ. ಬಡ ಮನೆತನದ ಆ ಹುಡುಗರು ಊರಿನಲ್ಲಿ ಕಿವಿಗೆ ಬಿದ್ದ ಹಾಡುಗಳನ್ನು ಹಾಗೆಯೇ ಕಲಿತು ಹಾಡುತ್ತಿದ್ದರು. ಅಂಥ ಮಕ್ಕಳು ಆ ಕಾಲದಲ್ಲಿ ಎಷ್ಟೋ ಹಳ್ಳಿಗಳಲ್ಲಿ ಗುಡಿಯ ಕಟ್ಟೆಯ ಮೇಲೆ ಹಾಡುತ್ತಲೇ ಮುದುಕರಾಗಿ ಹೋಗಿರಬೇಕು. ಇವರ ಹಾಡು ಹಾನಗಲ್ಲ ಕುಮಾರ ಶಿವಯೋಗಿಗಳ ಕಿವಿಗೆ ಬಿತ್ತು. 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವನ್ನು ಕಟ್ಟಿದ ಆ ಸ್ವಾಮಿಗಳು ಮಕ್ಕಳಿಬ್ಬರನ್ನೂ ತಮ್ಮ ಕಡೆಗೆ ಕರೆದುಕೊಂಡು ಅನ್ನ ಹಾಕಿದರು, ಗುರುಗಳನ್ನು ಹುಡುಕಿ ಕೊಟ್ಟರು. ಗದಿಗೆಯ್ಯ ಮೊದಲು ಕರ್ನಾಟಕ ಸಂಗೀತವನ್ನೂ ಆಮೇಲೆ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿತು ಪಂಚಾಕ್ಷರಿ ಗವಾಯಿ ಆದರು.

ಪ್ರತಿಭೆ ಇದ್ದವರು ಹೇಗಾದರೂ ಮೇಲೆ ಬಂದೇ ಬರುತ್ತಾರೆ ಎಂದು ಜನ ಬಹಳ ಸಲೀಸಾಗಿ ಹೇಳುತ್ತಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಕಾಡಶೆಟ್ಟಿಹಳ್ಳಿಯ ಹುಡುಗನ ಕಂಠದಲ್ಲಿ ದೇವರು ಇಟ್ಟದ್ದು ಕುಮಾರ ಶಿವಯೋಗಿಗಳು ಬರುವುದಕ್ಕೆ ಮೊದಲೂ ಅಲ್ಲೇ ಇತ್ತು. ಅದನ್ನು ಕೇಳಿಸಿಕೊಳ್ಳುವ ಕಿವಿ, ಕಲಿಯುವಷ್ಟು ಕಾಲ ಹೊಟ್ಟೆಗೆ ರೊಟ್ಟಿ, ತಿದ್ದುವ ಗುರು, ಈ ಮೂರೂ ಹೊರಗಿನಿಂದ ಬರಬೇಕಾಯಿತು. ಪಂಚಾಕ್ಷರಿ ಗವಾಯಿಗಳಿಗೆ ಇದು ಎಷ್ಟು ಚೆನ್ನಾಗಿ ಗೊತ್ತಿತ್ತು ಎನ್ನುವುದು ಅವರು ಉಳಿದ ಆಯುಷ್ಯವನ್ನು ಹೇಗೆ ಕಳೆದರು ಎನ್ನುವುದರಲ್ಲಿ ಕಾಣುತ್ತದೆ. ಅವರು ಬಯಸಿದ್ದರೆ ದೊಡ್ಡ ಊರುಗಳಲ್ಲಿ ಬೈಠಕ್ ಮಾಡಿಕೊಂಡು ಸುಖವಾಗಿ ಇರಬಹುದಿತ್ತು. ಅವರು ಕಣ್ಣಿಲ್ಲದ, ದಿಕ್ಕಿಲ್ಲದ, ಬಡ ಮಕ್ಕಳನ್ನು ಕಟ್ಟಿಕೊಂಡು ಊರಿಂದ ಊರಿಗೆ ಸಾಗುವ ಸಂಗೀತ ಶಾಲೆಯನ್ನು ನಡೆಸಿದರು. ಮಕ್ಕಳ ಊಟಕ್ಕಾಗಿ ಪಟ್ಟ ಕಷ್ಟ ಸಣ್ಣದಲ್ಲ. ಕೊನೆಗೆ ಆ ಶಾಲೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು.

ಇವರ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುವ ಸಂಗತಿ ಒಂದಿದೆ. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಅಲ್ಲಿ ಹಾಡಿದವರಲ್ಲಿ ಅವರ ಶಿಷ್ಯ ಬಸವರಾಜ ರಾಜಗುರು ಒಬ್ಬರು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಆ ದಿನ ಶಿಷ್ಯನ ಹಾಡಿಗೆ ತಬಲಾ ನುಡಿಸಲು ಕುಳಿತವರು ಸ್ವತಃ ಪಂಚಾಕ್ಷರಿ ಗವಾಯಿಗಳು. ಅಷ್ಟು ದೊಡ್ಡ ಸಭೆಯಲ್ಲಿ ತಾನು ಹಾಡಬಹುದಾಗಿದ್ದ ಗುರು ಹುಡುಗನ ಪಕ್ಕಕ್ಕೆ ಸರಿದು ಠೇಕಾ ಹಿಡಿದು ಕುಳಿತದ್ದನ್ನು ನೆನೆದರೆ ನನಗೆ ಇಂದಿಗೂ ಕಣ್ಣು ತುಂಬುತ್ತದೆ. ನಮ್ಮ ಕಡೆ ಪ್ರಸಾದ ಎನ್ನುವ ಮಾತಿಗೆ ಬಹಳ ತೂಕವಿದೆ. ಅಂಗೈಗೆ ಬಿದ್ದ ಪ್ರಸಾದವನ್ನು ಯಾರೂ ಮುಷ್ಟಿ ಕಟ್ಟಿ ಇಟ್ಟುಕೊಳ್ಳುವುದಿಲ್ಲ. ಮನೆಗೆ ತಂದು ಬಾಗಿಲಲ್ಲಿ ನಿಂತ ಮಗುವಿನ ಕೈಗೂ ಒಂದು ಚಿಟಿಕೆ ಹಾಕುತ್ತೇವೆ. ದೇವರು ಕೊಟ್ಟ ವಿದ್ಯೆಯನ್ನು ಅವರು ಹೀಗೆ ಹಂಚಿದರು.

1944ರಲ್ಲಿ ಅವರು ಲಿಂಗೈಕ್ಯರಾದಾಗ ಆಶ್ರಮದ ಭಾರ ಮೂವತ್ತು ವರ್ಷದ ಪುಟ್ಟರಾಜ ಗವಾಯಿಗಳ ಮೇಲೆ ಬಿತ್ತು. ಅವರದೂ ಇಂಥದೇ ಆರಂಭ. 1914ರಲ್ಲಿ ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಹುಡುಗ ಸೋದರಮಾವನ ಹಾರ್ಮೋನಿಯಂ ಮೇಲೆ ತಾನಾಗಿ ಕೈಯಾಡಿಸುತ್ತಿದ್ದ. ಮಾವ ಅದನ್ನು ಗಮನಿಸಿ ಪಂಚಾಕ್ಷರಿ ಗವಾಯಿಗಳ ಬಳಿ ತಂದು ಬಿಟ್ಟರು. ಆ ಹುಡುಗ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಎಂದು ವಾದ್ಯದ ಮೇಲೆ ವಾದ್ಯ ಕಲಿತರು, ಎರಡೂ ಪದ್ಧತಿಗಳ ಗಾಯನ ಕಲಿತರು, ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು, ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ನಡೆಸಿದರು. ಭಕ್ತರು ಊರೂರಿನಲ್ಲಿ ಅವರಿಗೆ ತುಲಾಭಾರ ಮಾಡುತ್ತಿದ್ದರು. ತಕ್ಕಡಿಗೆ ಬಿದ್ದದ್ದೆಲ್ಲ ಆಶ್ರಮಕ್ಕೆ ಹೋಗುತ್ತಿತ್ತು. 2010ರಲ್ಲಿ ಅವರು ಲಿಂಗೈಕ್ಯರಾಗುವವರೆಗೆ ಅರವತ್ತಾರು ವರ್ಷ ಇದು ನಡೆಯಿತು. ನನ್ನ ಗುರುಗಳು ಆ ಮಕ್ಕಳಲ್ಲಿ ಒಬ್ಬರಾಗಿದ್ದರು. ಒಬ್ಬರ ಕಿವಿ ಇನ್ನೊಬ್ಬರ ದನಿಯನ್ನು ಹುಡುಕಿಕೊಡುವ ಆ ಸಾಲಿನ ಕೊನೆಯಲ್ಲಿ ನನ್ನ ಗುರುಗಳು ನನ್ನ ಕಿವಿಯನ್ನು ಹುಡುಕಿಕೊಟ್ಟಿದ್ದರು, ನಾನು ಅದನ್ನು ಬೇಡವೆಂದು ಎದ್ದು ಬಂದಿದ್ದೆ ಎನ್ನುವುದು ನನಗೆ ಬಹಳ ತಡವಾಗಿ ತಿಳಿಯಿತು.

ತಿಳಿಸಿದವಳು ನನ್ನ ಹೆಂಡತಿ. ಒಂದು ಶಿವರಾತ್ರಿಯ ಜಾಗರಣೆಗೆ ಓಣಿಯ ಮಠದಲ್ಲಿ ಭಜನೆ ನಡೆದಿತ್ತು. ಪೇಟಿಯ ಪಂಚಮ ಇಳಿದಿತ್ತು, ಇಡೀ ಮೇಳ ಆ ಇಳಿದ ಪಂಚಮದ ಹಿಂದೆ ಹೋಗಿ ಮತ್ತೆ ಮತ್ತೆ ಮುಗ್ಗರಿಸುತ್ತಿತ್ತು. ನನಗೆ ಕೂರಲಾಗದೆ ನಡುವೆ ಎದ್ದು ಮನೆಗೆ ಬಂದೆ. ಹಿಂದೆಯೇ ಬಂದ ಅವಳಿಗೆ ಕಾರಣ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟೂ ಮಂದಿಯೊಳಗ ಅದು ನಿಮಗೊಬ್ಬರಿಗೇ ಕೇಳಿಸ್ತು ಅಂದ್ರ, ಅದನ್ನ ಸರಿ ಮಾಡೋ ಋಣಾನೂ ನಿಮ್ಮ ಮ್ಯಾಲೇ ಇರಬೇಕಲ್ರೀ” ಎಂದಳು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಶಾಖೆಯಲ್ಲಿದ್ದ ಕ್ರೈಸ್ತ ಹಿರಿಯರೊಬ್ಬರು ಹಿಂದೊಮ್ಮೆ ಊಟದ ಹೊತ್ತಿಗೆ ಮತ್ತಾಯನ ಸುವಾರ್ತೆಯ ಒಂದು ಸಾಮತಿಯನ್ನು, ಎಂದರೆ ದೃಷ್ಟಾಂತದ ಕಥೆಯನ್ನು, ಹೇಳಿದ್ದರು, ಅದು ನೆನಪಾಯಿತು. ಯಜಮಾನನೊಬ್ಬ ದೂರದ ಊರಿಗೆ ಹೋಗುವಾಗ ಆಳುಗಳಲ್ಲಿ ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ತಲಾಂತು ಒಪ್ಪಿಸುತ್ತಾನೆ; ಮೊದಲಿಬ್ಬರು ಅದನ್ನು ಬೆಳೆಸುತ್ತಾರೆ, ಮೂರನೆಯವನು ನೆಲದಲ್ಲಿ ಹೂತಿಡುತ್ತಾನೆ. ತಲಾಂತು ಎಂದರೆ ನಾಣ್ಯವಲ್ಲ, ತೂಕ. ಒಬ್ಬ ಕೂಲಿಯವನು ಹದಿನೈದಿಪ್ಪತ್ತು ವರ್ಷ ದುಡಿದರೆ ಸಿಗುವಷ್ಟು ಹಣ ಎಂದು ಅವರು ವಿವರಿಸಿದ್ದರು. ಇಂಗ್ಲಿಷಿನಲ್ಲಿ ಪ್ರತಿಭೆಗೆ ಟ್ಯಾಲೆಂಟ್ ಎನ್ನುವ ಮಾತು ಬಂದದ್ದೂ ಅದರಿಂದಲೇ. ಒಂದೇ ತಲಾಂತು ಸಿಕ್ಕವನಿಗೆ ಸಿಕ್ಕದ್ದೂ ಅಷ್ಟು ದೊಡ್ಡ ಗಂಟು ಎನ್ನುವುದು ಆ ರಾತ್ರಿ ನನಗೆ ಹೊಳೆಯಿತು. ಆ ಆಳು ಹೆದರಿ ಹೂತಿಟ್ಟಿದ್ದ. ನಾನು ಹೆದರಿರಲಿಲ್ಲ, ನನಗೆ ಐದು ಸಿಗಲಿಲ್ಲವೆಂದು ಮುನಿಸಿಕೊಂಡು ಹೂತಿಟ್ಟಿದ್ದೆ.

ಮುಂದಿನ ಭಾನುವಾರ ಹುಬ್ಬಳ್ಳಿಯ ಅಂಗಡಿಗೆ ಹೋದೆ. ಗುರುಗಳು ಹೇಳಿದ್ದ ಹಿರಿಯರು ಇನ್ನೂ ಇದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನನ್ನ ಗುರುಗಳ ಹೆಸರು ಹೇಳಿದ ಕೂಡಲೆ, “ಹನ್ನೆರಡು ವರ್ಷದ ಹಿಂದ ಬರಬೇಕಿದ್ದ ಹುಡುಗ ನೀನs ಏನು?” ಎಂದು ಕೇಳಿ ಪಕ್ಕದಲ್ಲಿ ಚಾಪೆ ಹಾಸಿದರು. ಮೂರು ವರ್ಷ ಭಾನುವಾರಗಳನ್ನು ಆ ಚಾಪೆಯ ಮೇಲೆ ಕಳೆದೆ.

ಈ ಕೆಲಸವನ್ನು ಕಾಣದವರಿಗಾಗಿ ಸ್ವಲ್ಪ ಹೇಳುತ್ತೇನೆ. ಪೇಟಿಯ ಪ್ರತಿ ಮನೆಯ ಕೆಳಗೆ ಹಿತ್ತಾಳೆಯ ರೀಡ್ ಇರುತ್ತದೆ: ಒಂದು ಚೌಕಟ್ಟು, ಅದರ ಮೇಲೆ ಒಂದು ತುದಿಯನ್ನು ಮಾತ್ರ ಬಿಗಿದ ತೆಳು ನಾಲಿಗೆ. ತಿದಿಯಿಂದ ಬಂದ ಗಾಳಿ ಆ ನಾಲಿಗೆಯನ್ನು ನಡುಗಿಸಿದಾಗ ನಾದ ಹುಟ್ಟುತ್ತದೆ. ನಲವತ್ತೆರಡು ಮನೆಗಳ ಎರಡು ಸಾಲಿನ ಪೇಟಿಯಲ್ಲಿ ಇಂಥ ಎಂಬತ್ತನಾಲ್ಕು ನಾಲಿಗೆಗಳಿರುತ್ತವೆ. ಬಿಟ್ಟ ತುದಿಯ ಹತ್ತಿರ ಕೂದಲೆಳೆಯಷ್ಟು ಕೆರೆದರೆ ತೂಕ ಕಡಿಮೆಯಾಗಿ ಸ್ವರ ಏರುತ್ತದೆ. ಬಿಗಿದ ಬುಡದ ಹತ್ತಿರ ಕೆರೆದರೆ ನಾಲಿಗೆ ಸಡಿಲವಾಗಿ ಸ್ವರ ಇಳಿಯುತ್ತದೆ. ಕೆರೆಯುವಾಗ ನಾಲಿಗೆಯ ಕೆಳಗೆ ತೆಳುವಾದ ತಗಡಿನ ಪಟ್ಟಿ ಸರಿಸಿ ಆಸರೆ ಕೊಡಬೇಕು, ಕೆರೆದ ಮೇಲೆ ಲೋಹದ ಬಿಸಿ ಆರುವವರೆಗೆ ಕಾಯಬೇಕು, ಬಿಸಿಯಲ್ಲಿ ಕೇಳಿದ ಸ್ವರ ನಂಬುವಂಥದ್ದಲ್ಲ. ಒಂದೇ ಸ್ವರದ ಎರಡು ರೀಡುಗಳನ್ನು ಜೊತೆಗೆ ನುಡಿಸಿದಾಗ ಅವು ಸರಿಯಾಗಿ ಕೂಡಿರದಿದ್ದರೆ ನಾದದಲ್ಲಿ ಅಲೆ ಏಳುತ್ತದೆ. ಹತ್ತಿರ ಬಂದಂತೆ ಅಲೆ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ಕೂಡಿದ ಕ್ಷಣದಲ್ಲಿ ನಿಂತುಬಿಡುತ್ತದೆ. ಆ ಅಲೆ ನಿಲ್ಲುವ ಗಳಿಗೆಯಲ್ಲಿ ನನ್ನ ಮೈಯೊಳಗೆ ಆಗುವುದನ್ನು ಬೇರೆ ಮಾತಿನಲ್ಲಿ ಹೇಳಲು ಬಾರದು, ಪೂಜೆಯಲ್ಲಿ ಮನಸ್ಸು ನಿಂತಂತೆ ಆಗುತ್ತದೆ.

ಚಾಚಾ ಕಲಿಸುವಾಗ ಮಾತು ಕಡಿಮೆ. ಅವಸರದಲ್ಲಿ ನಾನು ಒಂದು ರೀಡನ್ನು ಹೆಚ್ಚು ಕೆರೆದು ಕೆಡಿಸಿದ ದಿನ, “ಹಿತ್ತಾಳಿ ತಿರುಗಿ ಬರಂಗಿಲ್ಲ, ತಮ್ಮಾ” ಎಂದಷ್ಟೇ ಹೇಳಿ ಹೊಸ ರೀಡ್ ಕೊಟ್ಟರು. ಕಿವಿ ದೇವರು ಕೊಟ್ಟದ್ದಿರಬಹುದು, ಕೈ ಮಾತ್ರ ಆ ಮೂರು ವರ್ಷಗಳಲ್ಲಿ ಕೆಡಿಸಿ ಕೆಡಿಸಿ ಕಲಿತದ್ದು. ದೈವದತ್ತ ಎನ್ನುವ ಮಾತನ್ನು ದುಡಿಮೆಗೆ ಎದುರಾಗಿ ನಿಲ್ಲಿಸುವವರನ್ನು ಕಂಡಾಗ ನನಗೆ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಾಗುತ್ತದೆ. ಎಂಟು ವರ್ಷ ಬಿಡದೆ ಕಲಿಯಬೇಕು ಎನ್ನುವ ಷರತ್ತಿನ ಮೇಲೆ ಅಬ್ದುಲ್ ಕರೀಂ ಖಾನರು ಅವರನ್ನು ಶಿಷ್ಯರನ್ನಾಗಿ ಒಪ್ಪಿಕೊಂಡಿದ್ದರು.

ಗುರುವಿನಿಂದ ಪಡೆದ ಆ ಪಟ್ಟನ್ನು ಅವರು ಕುಂದಗೋಳದಲ್ಲಿ ತಮ್ಮ ಶಿಷ್ಯರಿಗೆ ದಾಟಿಸಿದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಅವರ ಬಳಿಗೆ ಪಾಠಕ್ಕೆ ಹೋಗಿ ಬರುತ್ತಿದ್ದರು. ಚಿಕ್ಕಂದಿನಲ್ಲಿ ಅವರದು ಎಳೆಯ, ಏರುದನಿ. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ನಂತರ ದನಿ ಇಳಿದು, ಗಂಡಸರ ದನಿಯಂತೆ ಗಡಸಾಯಿತು. ಹಾಡುವ ಹೆಣ್ಣುಮಗಳಿಗೆ ದನಿಯೇ ಹೋಯಿತು ಎಂದು ಯಾರಾದರೂ ತಿಳಿಯಬಹುದಾಗಿತ್ತು. ಅವರು ಹಳೆಯ ದನಿಗಾಗಿ ಕೊರಗಿ ಕೂರದೆ, ಉಳಿದ ದನಿಯನ್ನೇ ದೇವರು ಕೊಟ್ಟ ದನಿಯೆಂದು ಒಪ್ಪಿ ಅದರಲ್ಲೇ ಸಾಧನೆ ಮಾಡಿದರು. ಮಂದ್ರದಲ್ಲಿ ಅವರ ಷಡ್ಜ ನಿಂತರೆ ನೆಲಕ್ಕೆ ಕಂಬ ನೆಟ್ಟಂತೆ ಇರುತ್ತಿತ್ತು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಹಿಂದುಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ಅವರು ತಮ್ಮ ಹಾಡನ್ನು ನಿಲ್ಲಿಸಿದರು ಎನ್ನುತ್ತಾರೆ. ಮಗಳ ಹಾಡು ಕೇಳುವಾಗಲೆಲ್ಲ ಆ ತಾಯಿಯ ಮೌನವನ್ನೂ ನೆನೆಯುತ್ತೇನೆ.

ಗವಾಯಿ ಆಗಬೇಕೆಂಬ ಆಸೆ ಸುಳ್ಳಾಗಿತ್ತೇ ಎಂದು ಬಹಳ ಸಲ ಯೋಚಿಸಿದ್ದೇನೆ. ಸುಳ್ಳಲ್ಲ ಎಂದೇ ನನಗೆ ಅನಿಸುತ್ತದೆ. ಆ ಆಸೆ ಇರದಿದ್ದರೆ ನಾಲ್ಕು ವರ್ಷ ಚಳಿಯಲ್ಲಿ ಐದು ಗಂಟೆಗೆ ಎದ್ದು ಗುರುಗಳ ಮನೆಗೆ ಹೋಗುತ್ತಿರಲಿಲ್ಲ, ಆ ಪೇಟಿ ನನ್ನ ಮುಂದೆ ಬರುತ್ತಿರಲಿಲ್ಲ. ಆಸೆ ನನ್ನನ್ನು ಬಾಗಿಲವರೆಗೆ ತಂದು ಬಿಟ್ಟಿತು. ಒಳಗೆ ನನಗಾಗಿ ಇಟ್ಟದ್ದು ಆಸೆಪಟ್ಟ ವಸ್ತುವಾಗಿರಲಿಲ್ಲ ಅಷ್ಟೆ. ತಮಗೆ ಏನು ಬರುತ್ತದೆ ಎಂದು ತಿಳಿಯದೆ ಚಡಪಡಿಸುವ ಎಳೆಯರು ನನ್ನನ್ನು ಕೇಳಿದಾಗ, ಎಲ್ಲರೂ ಸರಿ ಎಂದು ಸುಮ್ಮನಿರುವಾಗ ನಿನಗೊಬ್ಬನಿಗೇ ಯಾವುದು ಸಹಿಸಲಾಗುವುದಿಲ್ಲ ಎಂದು ತಿರುಗಿ ಕೇಳುತ್ತೇನೆ. ಕೆಲವರಿಗೆ ಅದು ಸೊಟ್ಟಗೆ ಕಟ್ಟಿದ ಗೋಡೆ, ಕೆಲವರಿಗೆ ಉಪ್ಪು ಹದ ತಪ್ಪಿದ ಸಾರು, ಕೆಲವರಿಗೆ ಮೂಲೆಯಲ್ಲಿ ಒಬ್ಬಂಟಿಯಾಗಿ ಕುಳಿತ ಮಗು.

ಇನ್ನು ನಾಲ್ಕನೆಯ ಪೇಟಿಯ ವಿಷಯ. ಅದು ಒಂದು ಸರ್ಕಾರಿ ಶಾಲೆಯದು. ಕೋಣೆಯಲ್ಲಿ ಇಲಿ ಕಡಿದು ಬಿದ್ದಿದ್ದನ್ನು ಅಲ್ಲಿಯ ಶಿಕ್ಷಕಿ ಅಕ್ಕಾರು ನನಗೆ ತೋರಿಸಿದರು. ಅಲ್ಲೇ ಕುಳಿತು ಒಂದೆರಡು ರೀಡು ನುಡಿಸಿ ನೋಡುತ್ತಿದ್ದಾಗ ಎಂಟನೆಯ ತರಗತಿಯ ಹುಡುಗನೊಬ್ಬ ಬಾಗಿಲಿಗೆ ಒರಗಿ ನಿಂತಿದ್ದ, ಗಂಟೆ ಬಾರಿಸಿದರೂ ಕದಲಲಿಲ್ಲ. ನನ್ನ ಎದೆ ಹಾರಿತು. ಗುರುಗಳು ನನ್ನಲ್ಲಿ ಕಂಡದ್ದನ್ನು ನಾನು ಇವನಲ್ಲಿ ಕಂಡೆ ಎಂದುಕೊಂಡು, ಭಾನುವಾರ ಮನೆಗೆ ಬಾ ಎಂದೆ. ಬಂದ. ಎರಡು ರೀಡುಗಳನ್ನು ಜೊತೆಗೆ ನುಡಿಸಿ, ಅಲೆ ನಿಂತಾಗ ಕೈ ಎತ್ತು ಎಂದೆ. ಅವನು ಎತ್ತಿದ್ದು ಎಲ್ಲೋ. ಎರಡನೆಯ ಭಾನುವಾರವೂ ಹಾಗೆಯೇ, ಮೂರನೆಯದೂ ಹಾಗೆಯೇ. ಅವನ ಮುಖ ಸಣ್ಣದಾಗುತ್ತಾ ಬಂದದ್ದನ್ನು ನೋಡಿ ಹದಿನೇಳರ ನನ್ನ ಮುಖವೇ ನನಗೆ ಕಂಡಿತು.

ನಾಲ್ಕನೆಯ ಭಾನುವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನು ಬಂದು ಕುಳಿತಿದ್ದ. ಇಲಿ ಕಡಿದ ತಿದಿಯ ಮಡಿಕೆಗಳನ್ನು ಬಿಡಿಸಿ, ಹಳೆಯ ತೊಗಲಿನ ಪಟ್ಟಿಯನ್ನು ಕಿತ್ತು, ನನ್ನ ಡಬ್ಬಿಯಲ್ಲಿದ್ದ ಮೆತ್ತನೆಯ ತೊಗಲನ್ನು ಅದೇ ಅಳತೆಗೆ ಕತ್ತರಿಸಿ, ಮೂಲೆಯಲ್ಲಿ ಎರಡು ಮಡಿಕೆಗಳು ಕೂಡುವ ಕಡೆ ಒಂದೂ ಸುಕ್ಕು ಬಾರದಂತೆ ಅಂಟಿಸುತ್ತಿದ್ದ. ಆ ಮೂಲೆ ಬಹಳ ಕಠಿಣ. ಇಪ್ಪತ್ತೆರಡು ವರ್ಷಗಳ ನಂತರವೂ ನನ್ನ ಕೈಯಲ್ಲಿ ಅದು ಒಮ್ಮೆಗೇ ಕೂಡುವುದಿಲ್ಲ. ಶಾಲೆಯಲ್ಲಿ ಆ ದಿನ ಅವನು ಬಾಗಿಲಲ್ಲಿ ನಿಂತು ಕೇಳುತ್ತಿರಲಿಲ್ಲ, ನೋಡುತ್ತಿದ್ದ ಎಂದು ಆಗ ನನಗೆ ಅರ್ಥವಾಯಿತು. ಯಾರು ಕಲಿಸಿದರು ಎಂದು ಕೇಳಿದೆ. “ಯಾರೂ ಇಲ್ರೀ ಕಾಕಾ, ಹರದದ್ದು ನೋಡಿದ್ರ ಕೈ ಸುಮ್ಮನ ಇರಂಗಿಲ್ಲ” ಎಂದ.

ಅಂಟು ಒಣಗಲು ಒಂದು ದಿನ ಬಿಟ್ಟೆವು. ಸೋಮವಾರ ಸಂಜೆ ಶಾಲೆ ಬಿಟ್ಟ ಕೂಡಲೆ ಅವನು ಓಡಿ ಬಂದ. ಗಾಳಿಯ ಬಾಯಿಗಳನ್ನೆಲ್ಲ ಮುಚ್ಚಿ, ತಿದಿ ತುಂಬಿಸಿ, ಕೈ ಬಿಟ್ಟೆವು. ಅವನು ಬೆರಳು ಮಡಚಿ ಎಣಿಸತೊಡಗಿದ. ನಾನು ಅವನು ಅಂಟಿಸಿದ ಮೂಲೆಗೆ ಕಿವಿ ಹಚ್ಚಿ, ಗಾಳಿ ಸೋರುವ ಸಣ್ಣ ಸದ್ದಾದರೂ ಇದೆಯೇ ಎಂದು ಉಸಿರು ಹಿಡಿದು ಕೇಳಿದೆ. ಸದ್ದು ಇರಲಿಲ್ಲ.